ಮಾರಿದ ಮೇಲಿನ ಮಾತು

ಹಳೆಯ ಕಾರೊಂದು ಕೈ ಬದಲಾಯಿಸಿದ ಎಂಟು ದಿನಕ್ಕೋ ಹದಿನೈದು ದಿನಕ್ಕೋ ಕೊಂಡವರಿಂದ ದೂರು ಬರುವುದು ಅಪೂರ್ವವೇನಲ್ಲ. ಗೇರು ಸರಿಯಾಗಿ ಬೀಳುತ್ತಿಲ್ಲ, ಎಂಜಿನ್ನು ಕಾಯುತ್ತಿದೆ, ಎಣ್ಣೆ ಸೋರುತ್ತಿದೆ. ಇದನ್ನೆಲ್ಲ ಮೊದಲೇ ಹೇಳಬೇಕಾಗಿತ್ತು ಎಂಬುದು ಅವರ ಆಕ್ಷೇಪ. ಮಾರಾಟವೇ ವೃತ್ತಿಯಾದವನಿಗೆ ಇದು ನಿತ್ಯದ ಮಾತು. ಜೀವಮಾನದಲ್ಲಿ ಒಂದೆರಡು ವಾಹನ ಮಾರುವ ಗೃಹಸ್ಥನಿಗೆ ಹಾಗಲ್ಲ. ಅವನಿಗೆ ಮೊದಲು ಬರುವುದು ಭಯ, ಇಲ್ಲವೇ ಕೋಪ. ಎರಡೂ ಒಳ್ಳೆಯ ಸಲಹೆಗಾರರಲ್ಲ.

ಸಮಸ್ಯೆ ಹೊಸತೇನೂ ಅಲ್ಲ. ಮನುಸ್ಮೃತಿ ಎಣಿಸುವ ೧೮ ವ್ಯವಹಾರಪದಗಳಲ್ಲಿ ‘ಕ್ರಯವಿಕ್ರಯಾನುಶಯ’ವೂ ಒಂದು. ಅನುಶಯವೆಂದರೆ ಕೊಂಡ ಮೇಲೆ ಅಥವಾ ಮಾರಿದ ಮೇಲೆ ಹುಟ್ಟುವ ಪಶ್ಚಾತ್ತಾಪ. ಅಂತಹವರು ೧೦ ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದು ಅಥವಾ ಹಿಂದಕ್ಕೆ ಪಡೆಯಬಹುದು ಎಂದು ಅಲ್ಲಿ ವಿಧಿಸಿದೆ. ಕೌಟಿಲ್ಯನಾದರೋ ವರ್ತಕರಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು, ಗೋಪಾಲಕರಿಗೆ ಐದು ರಾತ್ರಿಗಳ ಗಡುವು ಕೊಡುತ್ತಾನೆ. ಮನುಷ್ಯನ ಮನಸ್ಸು ಚಂಚಲವೆಂಬುದನ್ನು ಒಪ್ಪಿಕೊಂಡೇ ಮಾಡಿದ ನಿಯಮಗಳಿವು. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಇಂದಿನ ಮಾರಾಟಕ್ಕೆ ಅಂತಹ ಗಡುವಿಲ್ಲ. ಆದುದರಿಂದ ಮಾರಿದವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಬಂದಿರುವ ದೂರು ಅನುಶಯದ್ದೋ, ವಂಚನೆಯದೋ?

೧೯೩೦ರ ಸರಕು ಮಾರಾಟ ಅಧಿನಿಯಮದ ೧೬ನೆಯ ಪ್ರಕರಣ ಈ ವಿಷಯದಲ್ಲಿ ಗೃಹಸ್ಥನ ಕಡೆಗೆ ವಾಲುತ್ತದೆ. ಅಂತಹ ಸರಕನ್ನು ಒದಗಿಸುವುದೇ ವ್ಯಾಪಾರವಾದವನ ಮೇಲೆ ಗುಣಮಟ್ಟದ ಹೊಣೆಯನ್ನು ಅದು ಹೊರಿಸಬಲ್ಲುದು. ತನ್ನ ಮನೆಯ ಕಾರನ್ನು ಮಾರಿದವನ ಮೇಲೆ, ಅವನೇ ಭರವಸೆ ಕೊಟ್ಟಿದ್ದ ಹೊರತು, ಸಾಮಾನ್ಯವಾಗಿ ಹೊರಿಸುವುದಿಲ್ಲ. ಕೊಳ್ಳುವವನು ಕಣ್ಣು ತೆರೆದು ಕೊಳ್ಳಬೇಕು. ನೀರಿನೊಳಗಿನ ಎಮ್ಮೆಗೆ ಬೆಲೆ ಕಟ್ಟಬಾರದೆಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ. ಎಂಟು ವರ್ಷ ಓಡಿದ ಕಾರಿನ ಕ್ಲಚ್ಚು ಸವೆದರೆ ಅದು ಕಾಲದ ಕೆಲಸ, ಮಾರಿದವನ ಕೃತ್ಯವಲ್ಲ.

ಹಾಗಾದರೆ ತಿಳಿದ ದೋಷವನ್ನು ಹೇಳದೆ ಇದ್ದರೆ? ೧೮೭೨ರ ಕರಾರು ಅಧಿನಿಯಮದ ೧೭ನೆಯ ಪ್ರಕರಣ ಇದಕ್ಕೆ ಕುದುರೆಯ ದೃಷ್ಟಾಂತಗಳನ್ನು ಕೊಡುತ್ತದೆ. ತನ್ನ ಕುದುರೆಯಲ್ಲಿ ದೋಷವಿದೆಯೆಂದು ಬಲ್ಲವನೊಬ್ಬ ಹರಾಜಿನಲ್ಲಿ ಸುಮ್ಮನಿದ್ದು ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ, ಆ ಸಂಬಂಧದ ಕಾರಣದಿಂದ ಹೇಳುವುದು ಅವನ ಕರ್ತವ್ಯ. ನೀನು ಅಲ್ಲಗಳೆಯದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ ಎಂದು ಕೊಳ್ಳುವವನು ಹೇಳಿದ ಮೇಲೂ ಮಾರುವವನು ಬಾಯಿ ಬಿಡದಿದ್ದರೆ, ಆ ಮೌನವೇ ಮಾತಾಗುತ್ತದೆ. ಮೌನಂ ಸಮ್ಮತಿಲಕ್ಷಣಂ ಎಂಬ ಗಾದೆಗೆ ನ್ಯಾಯಾಲಯದ ಮುದ್ರೆ ಬಿದ್ದಂತೆ!

ಕಾರಿಗೂ ಇದೇ ಅಳತೆ. ‘ಅಪಘಾತವಾಗಿತ್ತೇ?’ ಎಂದು ಕೇಳಿದಾಗ ‘ಇಲ್ಲ’ವೆಂದದ್ದು, ಓಡಿದ ದೂರ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದು, ನೆರೆನೀರಿನಲ್ಲಿ ಮುಳುಗಿದ ಗುರುತನ್ನು ಬಣ್ಣದಿಂದ ಮುಚ್ಚಿದ್ದು ಬರಿಯ ಮೌನವಲ್ಲ. ಇಂತಹ ಕಡೆ ಕೊಂಡವನು ಕರಾರನ್ನೇ ರದ್ದುಪಡಿಸಲು ಹೊರಡಬಹುದು. ‘ನೀವೇ ನೋಡಿಕೊಳ್ಳಬೇಕಾಗಿತ್ತು’ ಎಂಬ ಉತ್ತರ ಮೌನವನ್ನು ಕೆಲವೊಮ್ಮೆ ಕಾಪಾಡೀತು. ಬೇಕೆಂದೇ ಆಡಿದ ಸುಳ್ಳನ್ನು ಕಾಪಾಡದು. ಕಾರಿನ ಮೇಲೆ ಉಳಿದ ಸಾಲವನ್ನು ಮರೆಮಾಚಿದ್ದರೆ ಆ ದೂರಿಗೂ ಹೊಣೆ ಮಾರಿದವನದೇ.

ಇನ್ನು ಉತ್ತರಿಸುವ ಕ್ರಮ. ದೂರನ್ನು ಪೂರ್ತಿ ಕೇಳಬೇಕು. ಫೋನಿನಲ್ಲಿ ವಾದಿಸದೆ, ದೋಷವೇನು, ಯಾವಾಗ ಕಂಡಿತು, ಮೆಕ್ಯಾನಿಕ್ ಏನೆಂದ ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಬಿಚ್ಚಿ ರಿಪೇರಿ ಮಾಡುವ ಮೊದಲು ತಾನೂ ನೋಡಲು ಅವಕಾಶ ಬೇಡಬೇಕು. ಅನಂತರ ತಾನು ಅಂದು ಆಡಿದ್ದೇನು, ಜಾಹೀರಾತಿನಲ್ಲಿ ಬರೆದದ್ದೇನು ಎಂದು ಪ್ರಾಮಾಣಿಕವಾಗಿ ನೆನೆಯಬೇಕು. ಆಡಿದ ಮಾತು ಸುಳ್ಳಾಗಿದ್ದರೆ ಬೇಗ ಇತ್ಯರ್ಥಮಾಡುವುದೇ ಅಗ್ಗ. ಸುಳ್ಳಿಲ್ಲದಿದ್ದರೆ, ಮಾರುವಾಗ ಈ ದೋಷ ತನಗೆ ತಿಳಿದಿರಲಿಲ್ಲವೆಂದು, ತಿಳಿದಿರದಿದ್ದ ಪಕ್ಷದಲ್ಲಿ ಮಾತ್ರ, ನಾಲ್ಕು ಸಾಲಿನಲ್ಲಿ ಸೌಜನ್ಯದಿಂದ ತಿಳಿಸಿದರೆ ಸಾಕು. ಸ್ನೇಹಕ್ಕಾಗಿ ರಿಪೇರಿಯ ಪಾಲು ಕೊಡುವುದಾದರೆ, ಹೊಣೆಯೊಪ್ಪದೆ ಕೊಟ್ಟದ್ದೆಂದೂ ಇಲ್ಲಿಗೆ ವಿಷಯ ಮುಗಿಯಿತೆಂದೂ ಬರೆಸಿ ಇಬ್ಬರೂ ಸಹಿ ಹಾಕುವುದು ಲೇಸು.

ಜಗಳದ ಬಿಸಿಯಲ್ಲಿ ಹಲವರು ಮರೆಯುವುದು ನೋಂದಣಿಯನ್ನು. ೧೯೮೮ರ ಮೋಟಾರು ವಾಹನ ಅಧಿನಿಯಮದಂತೆ, ಅದೇ ರಾಜ್ಯದೊಳಗಿನ ಮಾರಾಟವಾದರೆ, ಮಾರಿದವನು ೧೪ ದಿನಗಳಲ್ಲಿಯೂ ಕೊಂಡವನು ೩೦ ದಿನಗಳಲ್ಲಿಯೂ ವರ್ಗಾವಣೆಯನ್ನು ಅಧಿಕಾರಿಗೆ ತಿಳಿಸಬೇಕು. ಹೆಸರು ಬದಲಾಗದೆ ಅಪಘಾತವಾದರೆ ಪುಸ್ತಕದಲ್ಲಿ ಹೆಸರಿರುವವನೇ ಮಾಲೀಕನೆಂದು ಸರ್ವೋಚ್ಚ ನ್ಯಾಯಾಲಯ ೨೦೧೮ರಲ್ಲಿ ಹೇಳಿದೆ. ಗೇರಿನ ದೂರಿಗಿಂತ ಇದು ಬಹುಪಾಲು ಭಾರವಾದದ್ದು.

ಇಷ್ಟಾದರೂ ದೂರಿನ ಉತ್ತಮ ಉತ್ತರ ಸಿದ್ಧವಾಗುವುದು ಮಾರುವ ದಿನವೇ. ತಿಳಿದ ದೋಷಗಳ ಪಟ್ಟಿ, ಕೊಂಡವನು ಓಡಿಸಿ ನೋಡಿದ ದಿನಾಂಕ, ಇಬ್ಬರ ಸಹಿ: ಇವಿರುವ ಒಂದು ಹಾಳೆ ಸಾಕು. ಪಟ್ಟಿ ನೋಡಿ ಕೊಳ್ಳುವವನು ಐದು ಸಾವಿರ ಕಡಿಮೆ ಕೇಳಿಯಾನು. ಆ ಐದು ಸಾವಿರ ನಷ್ಟವಲ್ಲ. ಮುಂದೆ ಬೀದಿಯಲ್ಲಿ ಎದುರಾದಾಗ ಇಬ್ಬರೂ ಮುಖವೆತ್ತಿ ಮಾತನಾಡಬಹುದಾದುದರ ಬೆಲೆ.