ಓದಿದ್ದು ಅರ್ಥವಾಗಿತ್ತು, ಉತ್ತರವೇ ತಪ್ಪಾಯಿತು!

ಬೆಂಗಳೂರು: ಯುಪಿಎಸ್‌ಸಿ ನಡೆಸುವ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಗೆ ‘ಸಿಸ್ಯಾಟ್’ ಎಂಬ ಹೆಸರೇ ರೂಢಿಯಲ್ಲಿದೆ. 2011ರಲ್ಲಿ ಜಾರಿಗೆ ಬಂದ ಈ ಪತ್ರಿಕೆಯನ್ನು 2015ರಿಂದ ಕೇವಲ ಅರ್ಹತೆಗೆ ಸೀಮಿತಗೊಳಿಸಲಾಗಿದೆ. ಶೇ 33 ಅಂಕ ಬಂದರೆ ಸಾಕು. ಕೇಳಲು ಸುಲಭವಾದ ಮಾತು. ಆದರೆ ಆ ಗಡಿ ದಾಟದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟು ಅಂಕ ಗಳಿಸಿದ್ದರೂ ವರ್ಷದ ಶ್ರಮ ನೀರುಪಾಲಾದಂತೆಯೇ.

ಲೆಕ್ಕ ನೋಡಿ. ಎರಡು ಗಂಟೆಯಲ್ಲಿ 80 ಪ್ರಶ್ನೆ, ಒಟ್ಟು 200 ಅಂಕ. ಸರಿಯುತ್ತರಕ್ಕೆ 2.5 ಅಂಕ, ತಪ್ಪಾದರೆ ಅದರ ಮೂರನೇ ಒಂದು ಭಾಗ ಕಡಿತ. ತೇರ್ಗಡೆಗೆ ಬೇಕಾದುದು 66. ಮೂವತ್ತು ಸರಿ, ಹತ್ತು ತಪ್ಪು ಮಾಡಿದ ಅಭ್ಯರ್ಥಿಗೆ 66.67 ಅಂಕ ಬಂದು ಪಾಸಾಗುತ್ತಾನೆ. ಇನ್ನೊಂದೇ ಒಂದು ತಪ್ಪಾದರೆ 65.83ಕ್ಕೆ ಇಳಿದು ಹೊರಬೀಳುತ್ತಾನೆ. ಇತ್ತೀಚಿನ ವರ್ಷಗಳ ಪತ್ರಿಕೆಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಪ್ರಶ್ನೆಗಳು ಗದ್ಯಭಾಗದ ಗ್ರಹಿಕೆಗೆ ಸಂಬಂಧಿಸಿದವು. ಗಣಿತಕ್ಕೆ ಹೆದರುವವರು ಆಶ್ರಯಿಸುವುದೂ ಇದನ್ನೇ. ಮೋಸ ಹೋಗುವುದೂ ಬಹುಪಾಲು ಇಲ್ಲಿಯೇ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತೊಡಕು ಇಮ್ಮಡಿ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದರೂ ಪೂರ್ವಭಾವಿಯ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಅದು ಮೊದಲೇ ಬಂದು ಷರತ್ತು, ವಿನಾಯಿತಿಗಳು ಹಿಂದೆ ಸಾಲುಗಟ್ಟುತ್ತವೆ. ಆದುದರಿಂದ ನಾಲ್ಕು ಸಾಲಿನ ವಾಕ್ಯ ಎದುರಾದಾಗ ಪದಪದವನ್ನೂ ಅನುವಾದಿಸುತ್ತಾ ಹೋಗುವುದು ವ್ಯರ್ಥ. ಯಾರು, ಏನು ಮಾಡಿದರು ಎಂಬುದನ್ನು ಮೊದಲು ಹಿಡಿದು, ಉಳಿದುದನ್ನು ಅದಕ್ಕೆ ಜೋಡಿಸಬೇಕು. ‘ಬಟ್’, ‘ಆಲ್‌ದೋ’, ‘ಅನ್‌ಲೆಸ್’ ಕಂಡಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುವುದು ಒಳ್ಳೆಯದು. ಲೇಖಕನ ನಿಜವಾದ ಅಭಿಪ್ರಾಯ ಸಾಮಾನ್ಯವಾಗಿ ಈ ತಿರುವಿನ ನಂತರವೇ ಇರುತ್ತದೆ.

ಆದರೆ ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಎಡವುತ್ತಾರಲ್ಲ, ಅದೇಕೆ? ಒಂದು ಉದಾಹರಣೆ ನೋಡೋಣ. ಗದ್ಯಭಾಗ ಹೀಗಿದೆ ಎಂದುಕೊಳ್ಳಿ: ‘ಕೆರೆಯ ಹೂಳೆತ್ತುವ ಕೆಲಸವನ್ನು ಹಿಂದೆ ಊರಿನವರೇ ಮಾಡುತ್ತಿದ್ದರು. ನಿರ್ವಹಣೆ ಇಲಾಖೆಗೆ ಹೋದ ಮೇಲೆ ಅನೇಕ ಊರುಗಳಲ್ಲಿ ಆ ಕೆಲಸ ಹಿಂದೆ ಬಿತ್ತು. ಅನುದಾನ ಕೊಟ್ಟು ಹೂಳು ತೆಗೆಸಿದರೂ, ಕೆರೆ ನಮ್ಮದೆಂಬ ಭಾವ ಜನರಲ್ಲಿ ಮರಳದಿದ್ದರೆ ಅದು ಮತ್ತೆ ತುಂಬುತ್ತದೆ.’

ಇದರಿಂದ ಹೊರಡುವ ತರ್ಕಬದ್ಧ ನಿರ್ಣಯ ಯಾವುದು? ಒಂದು, ಕೆರೆಗಳನ್ನೆಲ್ಲ ಗ್ರಾಮಸ್ಥರಿಗೆ ಒಪ್ಪಿಸಬೇಕು. ಎರಡು, ಕೆರೆಗಳ ನಾಶಕ್ಕೆ ಇಲಾಖೆಯೊಂದೇ ಕಾರಣ. ಮೂರು, ಕೆರೆಯ ರಕ್ಷಣೆಗೆ ಹಣವೊಂದೇ ಸಾಲದು. ನಾಲ್ಕು, ಹೂಳು ತುಂಬಿದರೆ ಅಂತರ್ಜಲ ಕುಸಿಯುತ್ತದೆ.

ನಾಲ್ಕನೆಯದು ಲೋಕದಲ್ಲಿ ನಿಜವಿರಬಹುದು; ಗದ್ಯಭಾಗದಲ್ಲಿ ಅಂತರ್ಜಲದ ಸುದ್ದಿಯೇ ಇಲ್ಲ. ತಿಳಿದವರನ್ನು ಕೆಡಹುವ ಬಲೆ ಇದೇ. ಎರಡನೆಯದರಲ್ಲಿ ‘ಒಂದೇ’ ಎಂಬ ಪದ ಲೇಖಕ ಆಡದ ಮಾತನ್ನು ಅವನ ಬಾಯಿಗೆ ತುರುಕಿದೆ. ಮೊದಲನೆಯದು ಸಲಹೆ, ಲೇಖಕ ಅಷ್ಟು ದೂರ ಹೋಗಿಲ್ಲ, ನಾವು ಹೋದೆವು. ಮೂರನೆಯದು ಸಪ್ಪೆಯಾಗಿ ಕಾಣುತ್ತದೆ, ಆದರೆ ಅದೇ ಸರಿ. ಉತ್ತರವನ್ನು ಗದ್ಯಭಾಗದ ಆಧಾರದ ಮೇಲಷ್ಟೇ ಕೊಡಬೇಕೆಂದು ಪ್ರಶ್ನೆಪತ್ರಿಕೆಯಲ್ಲೇ ಸೂಚನೆ ಇರುತ್ತದೆ. ಅದನ್ನು ಓದುವವರು ಕಡಿಮೆ.

‘ಅಸಂಪ್ಷನ್’ ಕೇಳಿದಾಗ ಬೇರೆ ಪರೀಕ್ಷೆ ಬೇಕು. ಲೇಖಕ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುವ ಮಾತು ಅದು. ಆಯ್ಕೆಯನ್ನು ತಿರುವುಮುರುವು ಮಾಡಿ ನೋಡಿ. ‘ತಮ್ಮದೆಂದು ಭಾವಿಸಿದ್ದನ್ನೂ ಜನ ಕಾಯುವುದಿಲ್ಲ’ ಎಂದರೆ ಮೇಲಿನ ಕೆರೆಯ ವಾದ ಕುಸಿದುಬೀಳುತ್ತದೆ. ಹಾಗಾದರೆ ‘ತಮ್ಮದೆಂದು ಭಾವಿಸಿದ್ದನ್ನು ಜನ ಕಾಯುತ್ತಾರೆ’ ಎಂಬುದು ಲೇಖಕನ ಗೃಹೀತ. ಕುಸಿಯದಿದ್ದರೆ ಅಲ್ಲ.

ಕೋಚಿಂಗ್ ಜಾಹೀರಾತುಗಳು ಸಾರುವ ಶೀಘ್ರ ಓದಿನ ಬಗ್ಗೆ ಒಂದು ಮಾತು. ವೇಗ ಹೆಚ್ಚಿದಂತೆ ಗ್ರಹಿಕೆ ಕುಗ್ಗುತ್ತದೆ ಎಂದು ಕೀತ್ ರೇನರ್ ಮತ್ತು ಸಂಗಡಿಗರು 2016ರ ಸಮೀಕ್ಷಾ ಲೇಖನದಲ್ಲಿ ವಿವರಿಸಿದ್ದಾರೆ. ವೇಗಕ್ಕಿಂತ ನೆರವಾಗುವುದು ವಿಷಯದ ಪರಿಚಯ. ಅಮೆರಿಕದಲ್ಲಿ 1988ರಲ್ಲಿ ಪ್ರಕಟವಾದ ರೆಕ್ಟ್ ಮತ್ತು ಲೆಸ್ಲಿ ಅವರ ಅಧ್ಯಯನದಲ್ಲಿ 64 ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆ ಓದಿಸಲಾಗಿತ್ತು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಆಟವರಿಯದ ಜಾಣ ಓದುಗರಿಗಿಂತ ಹೆಚ್ಚು ಗ್ರಹಿಸಿದ್ದರು. ಹಾಗೆಂದು ಪರೀಕ್ಷೆಯ ದಿನ ಹೊರಗಿನ ತಿಳಿವಳಿಕೆಯಿಂದ ಉತ್ತರ ಗುರುತಿಸಬಾರದು. ಅದು ಓದನ್ನು ಹಗುರಗೊಳಿಸಬೇಕು, ಅಷ್ಟೇ. ಸಿಸ್ಯಾಟ್‌ನ ಗದ್ಯಭಾಗಗಳು ಹೆಚ್ಚಾಗಿ ಪರಿಸರ, ಕೃಷಿ, ಆಡಳಿತ, ಆರ್ಥಿಕತೆ, ಪ್ರಜಾಪ್ರಭುತ್ವವನ್ನು ಕುರಿತಿರುತ್ತವೆ. ಈ ವಿಷಯಗಳನ್ನು ಮೊದಲು ಕನ್ನಡದಲ್ಲೇ ಓದಿಕೊಂಡರೂ ಲಾಭವಿದೆ.

ಅಭ್ಯಾಸಕ್ಕೆ ದೊಡ್ಡ ಖರ್ಚೇನೂ ಬೇಡ. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದ ಒಂದು ಪ್ಯಾರಾ ಓದಿ, ಪತ್ರಿಕೆ ಮುಚ್ಚಿ, ಅದರ ತಿರುಳನ್ನು ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಬರೆದು, ಮತ್ತೆ ತೆರೆದು ಹೋಲಿಸಿ ನೋಡಬೇಕು. ಮೊದಲ ವಾರ ಬೇಸರ ಬರುವುದು ಖಂಡಿತ. ಹಳೆಯ ಪ್ರಶ್ನೆಪತ್ರಿಕೆಗಳು ಯುಪಿಎಸ್‌ಸಿ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಅವುಗಳನ್ನು ಬಿಡಿಸುವಾಗ ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ, ಹೊರಗಿನ ತಿಳಿವಳಿಕೆ ತಂದದ್ದೋ, ‘ಮಾತ್ರ’, ‘ಎಲ್ಲ’ ಎಂಬ ಪದ ಗಮನಿಸದೆ ಹೋದದ್ದೋ, ವಾಕ್ಯವೇ ತಿಳಿಯದಿದ್ದದ್ದೋ ಎಂದು ಬರೆದಿಟ್ಟುಕೊಳ್ಳಬೇಕು. ನಾಲ್ಕೈದು ಪತ್ರಿಕೆ ಮುಗಿಯುವಷ್ಟರಲ್ಲಿ ಯಾವ ತಪ್ಪು ಮರುಕಳಿಸುತ್ತಿದೆ ಎಂಬುದು ಆ ಟಿಪ್ಪಣಿಯಲ್ಲೇ ಕಾಣತೊಡಗುತ್ತದೆ.