ಹೊಸ್ತಿಲಲ್ಲೇ ಹಿಂದಿರುಗುವ ಶಕ್ತಿ



ವೈದ್ಯನಾದ ನಾನು ಇಂದು ಮೈಕ್ರೋವೇವ್ ಟ್ರಾನ್ಸಿಸ್ಟರಿನ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣ ನಮ್ಮ ಕಿವಿ.

ಪರ್ಯಾಯ ವಿದ್ಯುತ್ತಿಗೆ ಸಾಧನವೊಂದು ತನ್ನ ಪ್ರವೇಶದಲ್ಲಿ ಒಡ್ಡುವ ಒಟ್ಟು ತಡೆಯೇ ಇನ್‌ಪುಟ್ ಇಂಪೀಡೆನ್ಸ್. ಮೈಕ್ರೋವೇವ್ ಸಂಕೇತವನ್ನು ತರುವ ಕೇಬಲ್ಲಿನ ಇಂಪೀಡೆನ್ಸ್ ಸಾಮಾನ್ಯವಾಗಿ 50 ಓಮ್. ಹೆಚ್ಚು ಶಕ್ತಿಯ ಟ್ರಾನ್ಸಿಸ್ಟರಿನದು ಕೆಲವೇ ಓಮ್. ಅದು 5 ಓಮ್ ಎಂದಿಟ್ಟುಕೊಳ್ಳಿ. ನೇರವಾಗಿ ಜೋಡಿಸಿದರೆ, ಬಂದ ಶಕ್ತಿಯ ಮೂರರಲ್ಲಿ ಎರಡು ಪಾಲು ಪ್ರತಿಫಲಿಸಿ ಹಿಂದಿರುಗುತ್ತದೆ. ಆದುದರಿಂದ ಎಂಜಿನಿಯರುಗಳು ನಡುವೆ ಹೊಂದಾಣಿಕೆಯ ವಿದ್ಯುನ್ಮಂಡಲವೊಂದನ್ನು ಇಡುತ್ತಾರೆ.

ಕಿವಿಯ ಸಮಸ್ಯೆಯೂ ಇದೇ. ಗಾಳಿಯಲ್ಲಿ ಬಂದ ಶಬ್ದವು ಒಳಗಿವಿಯ ದ್ರವವನ್ನು ನೇರವಾಗಿ ತಾಗಿದರೆ ಬಹುಪಾಲು ಹಿಂದಿರುಗುತ್ತದೆ. ಕಿವಿತಮಟೆಯೂ ಮೂರು ಪುಟ್ಟ ಮೂಳೆಗಳೂ ಸೇರಿ ಒತ್ತಡವನ್ನು ಸುಮಾರು 20 ಪಟ್ಟು ಹೆಚ್ಚಿಸಿ ಹೊಂದಾಣಿಕೆ ಮಾಡುತ್ತವೆ. ಮಗುವಿನ ನಡುಗಿವಿಯಲ್ಲಿ ದ್ರವ ನಿಂತರೆ ಈ ಹೊಂದಾಣಿಕೆ ಕೆಡುತ್ತದೆ. ಎಷ್ಟೋ ವೇಳೆ ನೋವಿಲ್ಲದೆಯೇ ಕೇಳುವಿಕೆ ಮಂದವಾಗುತ್ತದೆ.

ಕರೆದರೆ ಓಗೊಡದ ಮಗುವಿಗೆ ಹಠವೆಂದೋ, ಎರಡು ಭಾಷೆಗಳ ಗೊಂದಲವೆಂದೋ ಬಗೆದು ಮನೆಯಲ್ಲಿ ಕನ್ನಡ ನಿಲ್ಲಿಸುವ ಮುನ್ನ, ದಯವಿಟ್ಟು ಅದರ ಕಿವಿಯನ್ನು ಪರೀಕ್ಷಿಸಿ. ನಡುಗಿವಿಯ ಇಂಪೀಡೆನ್ಸನ್ನು ಅಳೆಯುವ ಟಿಂಪನೊಮೆಟ್ರಿ ಕೆಲವೇ ನಿಮಿಷಗಳ ಪರೀಕ್ಷೆ.