ತಾಪ ತಗ್ಗಿಸುವ ಯೋಜನೆ: ಅಂಕ ಯಾವುದಕ್ಕೆ?

ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಸುತ್ತಲಿನ ಊರುಗಳ ಮಕ್ಕಳಿಗೆ ಕಬ್ಬು ಹೊಸದಲ್ಲ. ಕಟಾವಿನ ನಂತರ ಗದ್ದೆಯಲ್ಲಿ ಉಳಿಯುವ ತರಗು, ಅದಕ್ಕೆ ಇಡುವ ಬೆಂಕಿ, ಏಳುವ ಹೊಗೆ ಯಾವುದೂ ಹೊಸದಲ್ಲ. ಹವಾಗುಣಕ್ಕೆ ಒಳಿತಾಗುವ ತಾಂತ್ರಿಕ ಯೋಜನೆ ರೂಪಿಸಿ ಎಂದರೆ, ಇಲ್ಲಿನ ವಿದ್ಯಾರ್ಥಿ ತಂಡವೊಂದು "ತರಗನ್ನು ಸುಡುವ ಬದಲು ಒತ್ತಿ ಬ್ರಿಕೆಟ್ ಇಂಧನ ಮಾಡೋಣ" ಎಂದು ಬರುವುದು ತೀರ ಸಹಜ. ಇಂತಹ ತಂಡವೊಂದು ನಮ್ಮ ಮುಂದೆ ನಿಂತಿದೆ ಎಂದು ಭಾವಿಸೋಣ. ತೀರ್ಪುಗಾರರು ಏನು ಕೇಳಬೇಕು?

ಈ ಪ್ರಶ್ನೆ ಶಿಕ್ಷಕರಿಗೆ ಅಪರಿಚಿತವಲ್ಲ. 1993ರಲ್ಲಿ ದೇಶದಾದ್ಯಂತ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುತ್ತ ಬಂದಿತು. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಂಡವಾಗಿ, ಮಾರ್ಗದರ್ಶಿ ಶಿಕ್ಷಕರ ನೆರವಿನಿಂದ, ತಮ್ಮ ಊರಿನ ಸಮಸ್ಯೆಯೊಂದನ್ನು ಅಧ್ಯಯನ ಮಾಡುವುದು ಅದರ ಕ್ರಮ. 2014 ಮತ್ತು 2015ರಲ್ಲಿ ಹವಾಮಾನ ಮತ್ತು ಹವಾಗುಣವೇ ಅದರ ಕೇಂದ್ರ ವಿಷಯವಾಗಿತ್ತು. ಅಲ್ಲಿ ಬೆಲೆ ಇದ್ದದ್ದು ಥರ್ಮೋಕೋಲ್ ಮಾದರಿಗಲ್ಲ, ಮಕ್ಕಳ ದಿನಚರಿ ಪುಸ್ತಕಕ್ಕೆ. ಆದರೂ ಅನೇಕ ಸ್ಪರ್ಧೆಗಳಲ್ಲಿ ಬಣ್ಣದ ದೀಪ ಮಿನುಗುವ ಮಾದರಿಯೇ ಬಹುಮಾನ ಪಡೆಯುತ್ತದೆ. ಎರಡು ತಿಂಗಳು ತರಗು ತೂಗಿದ ಮಕ್ಕಳು ಬರಿಗೈಯಲ್ಲಿ ಮರಳುತ್ತಾರೆ. ಅಳೆಯುವುದು ವ್ಯರ್ಥ ಎಂಬ ಪಾಠವನ್ನು ಅವರಿಗೆ ಕಲಿಸಿದವರು ನಾವೇ ಆಗುತ್ತೇವೆ.

ಯಾವುದರ ಬದಲಿಗೆ?

ನಮ್ಮ ತಂಡ ಹೀಗೆ ಹೇಳುತ್ತದೆ: "ತರಗು ಉರಿದಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸುಡದಿದ್ದರೆ ಅಷ್ಟೂ ಉಳಿತಾಯ." ಇದು ತಪ್ಪು ಲೆಕ್ಕ. ಆ ಇಂಗಾಲವನ್ನು ಕಬ್ಬು ಗಾಳಿಯಿಂದ ಹೀರಿಕೊಂಡದ್ದು ಕೆಲವೇ ತಿಂಗಳುಗಳ ಹಿಂದೆ. ಸುಟ್ಟಾಗ ಅದು ಗಾಳಿಗೆ ಮರಳುತ್ತದೆ, ಅಷ್ಟೆ. ಲೆಕ್ಕಕ್ಕೆ ಬರುವುದು ಅರೆಬರೆ ದಹನದಿಂದ ಹುಟ್ಟುವ ಮೀಥೇನ್ ಮತ್ತು ಅದರೊಡನೆ ಬರುವ ನೈಟ್ರಸ್ ಆಕ್ಸೈಡ್. ನೂರು ವರ್ಷಗಳ ಅವಧಿಗೆ ನೋಡಿದರೆ ಮೊದಲನೆಯದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು, ಎರಡನೆಯದು 273 ಪಟ್ಟು ತಾಪಕಾರಿ. ಒಂದು ಟನ್ ಒಣ ತರಗು ಉರಿದಾಗ ಸುಮಾರು 2.7 ಕೆ.ಜಿ. ಮೀಥೇನ್, 0.07 ಕೆ.ಜಿ. ನೈಟ್ರಸ್ ಆಕ್ಸೈಡ್ ಬರುತ್ತವೆ. ಎರಡೂ ಸೇರಿ ಸುಮಾರು 90 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ.

ಈಗ ಖರ್ಚಿನ ಬದಿ. ಒಂದು ಟನ್ ತರಗನ್ನು ಒತ್ತಲು 60 ಯೂನಿಟ್ ವಿದ್ಯುತ್ತು, ಸಾಗಿಸಲು 5 ಲೀಟರ್ ಡೀಸೆಲ್ ಬೇಕಾಯಿತೆಂದು ಇಟ್ಟುಕೊಳ್ಳೋಣ. ನಮ್ಮ ದೇಶದಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ., ಡೀಸೆಲ್ ಲೀಟರಿಗೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಟ್ಟು ಸುಮಾರು 55 ಕೆ.ಜಿ.

ಒಂದೇ ಬ್ರಿಕೆಟ್, ಮೂರು ಉತ್ತರ:

1. ರೈತರು ತರಗು ಸುಡುತ್ತಿದ್ದರು, ಬ್ರಿಕೆಟ್ ಕಲ್ಲಿದ್ದಲಿನ ಬದಲಿಗೆ ಬಳಕೆಯಾಯಿತು: ಸುಮಾರು ಅಷ್ಟೇ ತೂಕದ ಕಲ್ಲಿದ್ದಲು ಉಳಿದರೆ ಲಾಭ ಒಂದೂವರೆ ಟನ್ನಿನ ಆಸುಪಾಸು.

2. ತರಗು ಸುಡುತ್ತಿದ್ದರು, ಆದರೆ ಬ್ರಿಕೆಟ್ ಯಾವ ಇಂಧನದ ಬದಲಿಗೂ ಬರಲಿಲ್ಲ: ಲಾಭ ಹೆಚ್ಚೆಂದರೆ 35 ಕೆ.ಜಿ.

3. ರೈತರು ತರಗನ್ನು ಕೂಳೆ ಬೆಳೆಗೆ ಹೊದಿಕೆಯಾಗಿ ಬಿಡುತ್ತಿದ್ದರು, ಬ್ರಿಕೆಟ್ ಯಾವುದರ ಬದಲಿಗೂ ಬರಲಿಲ್ಲ: 55 ಕೆ.ಜಿ. ನಷ್ಟ. ಜೊತೆಗೆ ಮಣ್ಣಿನ ತೇವ ಕಾಯುವ ಹೊದಿಕೆಯೂ ಹೋಯಿತು.

ಆದ್ದರಿಂದ ತೀರ್ಪುಗಾರರ ಮೊದಲ ಪ್ರಶ್ನೆ ಒಂದೇ: "ನಿಮ್ಮ ಸಾಧನ ಬರುವ ಮೊದಲು ಅಲ್ಲಿ ಏನು ನಡೆಯುತ್ತಿತ್ತು? ಹೇಗೆ ತಿಳಿದಿರಿ?" ಹತ್ತು ಮನೆಗಳನ್ನು ಕೇಳಿ ಬಂದ ತಂಡಕ್ಕೆ ಉತ್ತರವಿರುತ್ತದೆ.

ಅಳತೆ ಮೊದಲು, ಸಾಧನ ಆಮೇಲೆ

ಈ ಕ್ರಮಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಮೇಲ್ಪಂಕ್ತಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲ ಹಳ್ಳಿಗಳಲ್ಲಿ ಮನೆಮನೆಯ ಇಂಧನ ಬಳಕೆಯನ್ನು ಅಳೆಯಿತು. ಹಳ್ಳಿಯ ಶಕ್ತಿಯಲ್ಲಿ ಸಿಂಹಪಾಲು ಸೌದೆಯದು, ಸೌದೆಯ ಬಹುಪಾಲು ಅಡುಗೆಯದು ಎಂಬುದು ಅಂಕಿಗಳಿಂದ ಸ್ಪಷ್ಟವಾಯಿತು. ಒಲೆಯನ್ನು ಸುಧಾರಿಸುವುದು ಏಕೆ ಮುಖ್ಯ ಎಂಬುದಕ್ಕೆ ಆಧಾರ ದೊರಕಿದ್ದು ಹೀಗೆ. ಅಸ್ತ್ರ ಒಲೆ ರಾಜ್ಯದ ಅನೇಕ ಮನೆಗಳನ್ನು ತಲುಪಿತು.

ಅದೇ ತಾಲ್ಲೂಕಿನ ಪುರ ಗ್ರಾಮದ ಅನುಭವ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ ಸಾಮೂಹಿಕ ಗೋಬರ್ ಅನಿಲವನ್ನು ಮೊದಲು ಅಡುಗೆಗೆಂದು ಯೋಚಿಸಲಾಗಿತ್ತು. ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಸಗಣಿ ಇರಲಿಲ್ಲ. ಯೋಜನೆ ಅಲ್ಲಿಗೆ ನಿಲ್ಲಲಿಲ್ಲ. 1987ರಿಂದ ಆ ಅನಿಲದಿಂದ ಎಂಜಿನ್ ನಡೆಸಿ ಕುಡಿಯುವ ನೀರು ಮತ್ತು ದೀಪ ಒದಗಿಸಲಾಯಿತು. ಬಗ್ಗಡ ಗೊಬ್ಬರವಾಗಿ ರೈತರಿಗೆ ಮರಳಿತು. "ನಾವು ಅಂದುಕೊಂಡಂತೆ ಆಗಲಿಲ್ಲ, ಕಾರಣ ಇದು" ಎಂದು ಲೆಕ್ಕಸಮೇತ ಹೇಳುವ ತಂಡದ ಅಂಕವನ್ನು ಏಕೆ ಕಳೆಯಬಾರದು ಎಂಬುದಕ್ಕೆ ಪುರ ಸಾಕ್ಷಿ.

ಒಂದು ಅಂಕಪಟ್ಟಿ

ಶಾಲಾ ಮಟ್ಟದ ಬಳಕೆಗೆ 100 ಅಂಕಗಳನ್ನು ಹೀಗೆ ಹಂಚಬಹುದು:

ಊರಿನ ಸಮಸ್ಯೆಯನ್ನು ಗುರುತಿಸಿದ ಬಗೆ: 15
ಆರಂಭದ ಸ್ಥಿತಿಯ ಅಳತೆ: 25
ಪ್ರಯೋಗದ ವಿಧಾನ, ಪುನರಾವರ್ತನೆ: 20
ಲಾಭ ಮತ್ತು ಖರ್ಚು ಎರಡನ್ನೂ ಸೇರಿಸಿದ ಲೆಕ್ಕ: 20
ಬಳಸುವವರ ಅಭಿಪ್ರಾಯ, ವೆಚ್ಚ, ದುರಸ್ತಿ: 10
ತಂಡದ ಹಂಚಿಕೆಯ ಕೆಲಸ: 10

ಮಾದರಿಯ ಅಂದಕ್ಕೆ ಬೇರೆ ಅಂಕವಿಲ್ಲ. ತಂಡದ ಕೆಲಸವನ್ನು ಅಳೆಯಲು ಸುಲಭ ಉಪಾಯವಿದೆ: ಹೆಚ್ಚು ಮಾತನಾಡುವ ವಿದ್ಯಾರ್ಥಿಯನ್ನು ಬಿಟ್ಟು ಹಿಂದೆ ನಿಂತವರನ್ನು "ಈ ಅಂಕಿ ಬಂದ ದಿನ ಏನು ಮಾಡಿದಿರಿ?" ಎಂದು ಕೇಳುವುದು. ಉತ್ತರ ಹೇಳುವಾಗ ಮಾರ್ಗದರ್ಶಿ ಶಿಕ್ಷಕರು ದೂರವಿರಲಿ. ಇಬ್ಬರು ತೀರ್ಪುಗಾರರು ಬೇರೆ ಬೇರೆಯಾಗಿ ಅಂಕ ಕೊಟ್ಟು, ಹತ್ತಕ್ಕಿಂತ ಹೆಚ್ಚು ಅಂತರ ಬಂದಲ್ಲಿ ಮಾತ್ರ ಕೂತು ಚರ್ಚಿಸಲಿ.

ಕೊನೆಯದಾಗಿ, ಸೋತ ತಂಡಕ್ಕೂ ಎರಡು ಸಾಲಿನ ಲಿಖಿತ ಟಿಪ್ಪಣಿ ಕೊಡಿ: ಯಾವುದು ಸರಿಯಿತ್ತು, ಮುಂದೆ ಏನನ್ನು ಅಳೆಯಬೇಕು. ತರಗಿನ ತಂಡಕ್ಕಾದರೆ, "ಬ್ರಿಕೆಟ್ ಕೊಳ್ಳುವವರು ಈಗ ಏನನ್ನು ಉರಿಸುತ್ತಿದ್ದಾರೆ ಎಂದು ವಿಚಾರಿಸಿ" ಎಂಬ ಒಂದೇ ವಾಕ್ಯ ಸಾಕು. ಮುಂದಿನ ಕಟಾವಿನ ವೇಳೆಗೆ ಆ ಮಕ್ಕಳು ಮತ್ತೆ ತಕ್ಕಡಿ ಹಿಡಿದು ಗದ್ದೆಗೆ ಇಳಿಯುತ್ತಾರೆ.